ನಮ್ ಹುಡ್ಗನ ಪ್ರೋಗ್ರಾಂಗೆ ಟಿಕೆಟ್ಟಾ?

ದಾವಣಗೆರೆಯ ಜಯದೇವ ಸರ್ಕಲ್ ಹತ್ತಿರ ನನ್ನದೊಂದು ಜೆರಾಕ್ಸ್ ಅಂಗಡಿ. 2019ರ ಡಿಸೆಂಬರ್‌ನಲ್ಲಿ 15 ದಿನ ಅಲ್ಲಿಗೆ ಜೆರಾಕ್ಸ್ ಮಾಡಿಸಲು ಬಂದವರಿಗಿಂತ ಪಾಸ್ ಕೇಳಲು ಬಂದವರೇ ಜಾಸ್ತಿ.

ನನ್ನ ಜೊತೆ ಏಳನೇ ಕ್ಲಾಸಿನವರೆಗೆ ಓದಿದವನು ಈಗ ದೊಡ್ಡ ಗಾಯಕ. ಹೆಸರು ಬೇಡ, ಬರೆದರೆ ಬೈತಾನೆ. ನಾವು ಓದಿದ ಸರ್ಕಾರಿ ಶಾಲೆಯ ಹೆಂಚು ಒಡೆದು, ಮಳೆ ಬಂದರೆ ಎರಡು ಕ್ಲಾಸಿನ ಮಕ್ಕಳನ್ನು ಒಂದೇ ಕೋಣೆಗೆ ತುಂಬುವ ಹಾಗಾಗಿತ್ತು. ರಿಪೇರಿಗೆ ದುಡ್ಡು ಕೂಡಿಸಲು ಹಾಡ್ತೀಯಾ ಎಂದು ಅವನಿಗೆ ಫೋನ್ ಮಾಡಿದೆವು. "ಶನಿವಾರ, ಭಾನುವಾರ ಎರಡು ದಿನ ಹಾಡ್ತೀನಿ. ನನಗೇನೂ ಬೇಡ. ತಬಲಾ, ಕೀಬೋರ್ಡ್‌ನೋರಿಗೆ ಮಾತ್ರ ಅವರ ದುಡ್ಡು ಕೊಟ್ಬಿಡಿ. ಅವರ ಹೊಟ್ಟೆ ಮೇಲೆ ಹೊಡೆದು ನಾನು ಪುಣ್ಯ ಕಟ್ಕೊಳ್ಳಲ್ಲ" ಅಂದ. ಆ ಮಾತು ನನಗೆ ಹಿಡಿಸಿತು.

ಟಿಕೆಟ್ 200 ಮತ್ತು 500. ಸಾವಿರದ್ದೂ ಇರಲಿ ಎಂದು ನಮ್ಮಲ್ಲೊಬ್ಬ ಹಟ ಹಿಡಿದ. ಸಂಗೀತ ಕಾರ್ಯಕ್ರಮದ ಟಿಕೆಟ್ 500 ದಾಟದಿದ್ದರೆ ಜಿಎಸ್‌ಟಿ ಇಲ್ಲ, ದಾಟಿದರೆ ತಲೆನೋವು ಎಂದು ಆಡಿಟರ್ ಹೇಳಿದ ಮೇಲೆ ಸುಮ್ಮನಾದ. ಮಂಡಿಪೇಟೆಯ ವರ್ತಕರ ಹತ್ತಿರ ದೇಣಿಗೆಗೆ ಹೋದಾಗ ಇನ್ನೊಂದು ಪಾಠ ಆಯಿತು. ಅವರು ಕೇಳುವ ಮೊದಲ ಮಾತೇ "80ಜಿ ರಸೀದಿ ಕೊಡ್ತೀರಾ?" ಆ ರಸೀದಿ ಇದ್ದರೆ ದೇಣಿಗೆ ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ. ಎರಡು ಸಾವಿರಕ್ಕಿಂತ ಜಾಸ್ತಿ ನಗದು ಕೊಟ್ಟರೆ ಆ ವಿನಾಯಿತಿ ಸಿಗುವುದಿಲ್ಲ. ಹಾಗಾಗಿ ಚೆಕ್ಕಿಗಾಗಿ ಒಂದೇ ಅಂಗಡಿಗೆ ಮೂರು ಸಲ ನಡೆದೆ. ಆದರೂ ಅವರು ಕೊಟ್ಟರು. ಕೊಡದೇ ಇದ್ದವರು ಬೇರೆಯವರು.

"ನಮ್ ಹುಡ್ಗನ ಪ್ರೋಗ್ರಾಂಗೆ ನಮಗೇ ಟಿಕೆಟ್ಟೇನಪ್ಪಾ?" ಈ ಒಂದು ಮಾತನ್ನು ಎಷ್ಟು ಜನರ ಬಾಯಲ್ಲಿ ಕೇಳಿದೆನೋ. ಅವನನ್ನು ಎತ್ತಿ ಆಡಿಸಿದವರು, ಅವನಪ್ಪನ ಜೊತೆ ಮಿಲ್ಲಿನಲ್ಲಿ ಕೆಲಸ ಮಾಡಿದವರು, ಅವನಿಗೆ ಸೈಕಲ್ ಕಲಿಸಿದವರು. ಅಷ್ಟೊಂದು ಜನ ಸೈಕಲ್ ಕಲಿಸಿದ್ದರೆ ಅವನು ಗಾಯಕ ಆಗುತ್ತಿರಲಿಲ್ಲ, ಸರ್ಕಸ್ಸಿಗೆ ಹೋಗುತ್ತಿದ್ದ.

ನನಗೆ ಸಿಟ್ಟು ಬರುತ್ತಿದ್ದದ್ದು ಯಾಕೆಂದರೆ, ಇದು ಟಿಕೆಟ್ ತಗೊಂಡು ನೋಡಿದ ಊರು. ಚಿಂದೋಡಿ ಲೀಲಾ ಅವರ ಕೆಬಿಆರ್ ಡ್ರಾಮಾ ಕಂಪನಿಯ ಊರು. ಗದುಗಿನ ಪುಟ್ಟರಾಜ ಗವಾಯಿಗಳ ಕಂಪನಿಯ ಮಾತು ಬಂದರೆ ನಮ್ಮಪ್ಪ ಕೂತಲ್ಲೇ ನೆಟ್ಟಗಾಗುತ್ತಿದ್ದರು. ಕಣ್ಣಿಲ್ಲದ ಗುರುಗಳು, ಪುಣ್ಯಾಶ್ರಮದ ಕಣ್ಣಿಲ್ಲದ ಮಕ್ಕಳ ಊಟಕ್ಕೆ ನಾಟಕ ಆಡಿಸಿ ದುಡ್ಡು ಕೂಡಿಸುತ್ತಿದ್ದರು. ಅಂಥ ನಾಟಕಕ್ಕೆ ಹೋಗಲು ಆಗದ ದಿನವೂ ಅಪ್ಪ ಟಿಕೆಟ್ ತಗೊಂಡು ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದರು.

ಅವರ ಮಗನಾದ ನಾನು ಏನು ಮಾಡಿದೆ? ಪಾಸ್ ಹಂಚುವ ಕೆಲಸ ನನ್ನದೇ ಅಲ್ವಾ, ನಾಲ್ಕು ಪಾಸ್ ಮನೆಗೇ ತಂದೆ. ನನ್ನ ಹೆಂಡತಿ ಅದನ್ನು ಫ್ರಿಜ್ ಮೇಲಿಟ್ಟು, "ಊರಿಗೆಲ್ಲ ಬೈತೀರಲ್ಲ, ಇದಕ್ಕೆ ಯಾರು ದುಡ್ಡು ಕೊಟ್ರು?" ಎಂದು ಕೇಳಿದಳು. ನಾನು ಅನ್ನ ಕಲಸುತ್ತಾ ಕೂತೆ.

ಶನಿವಾರ ಹೈಸ್ಕೂಲ್ ಮೈದಾನ. ಆರು ಗಂಟೆಗೆ ಶುರು ಎಂದು ಹಾಕಿಸಿದ್ದೆವು. ಗಣ್ಯರು ಬರಲಿ ಎಂದು ಕಾದು, ಬಂದಷ್ಟು ಗಣ್ಯರು ಮಾತಾಡಿ, ಶಾಲು, ಹಾರ, ಏಲಕ್ಕಿ ಮಾಲೆ ಎಲ್ಲ ಮುಗಿಯುವಾಗ ಏಳೂ ಮುಕ್ಕಾಲು. ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಿಸಲೇಬೇಕು. ಅವನು ಸ್ಟೇಜ್ ಹಿಂದೆ ಬಿಸಿನೀರು ಕುಡಿಯುತ್ತಾ ಕೂತಿದ್ದ. ಒಂದು ಮಾತೂ ಆಡಲಿಲ್ಲ.

ಬಂದು ನಿಂತವನು ಮೈಕ್ ಮುಂದೆ ಎರಡು ನಿಮಿಷ ಸುಮ್ನೆ ನೋಡಿದ. ನಾನೂ ಆಗಲೇ ನೋಡಿದ್ದು. ಮುಂದಿನ ಮೂರು ಸಾಲು ಸೋಫಾ, ಬಿಳಿ ಬಟ್ಟೆ ಹೊದಿಸಿದ್ದು, ಮುಕ್ಕಾಲು ಖಾಲಿ. ಭಾಷಣ ಮುಗಿಸಿದವರು ಹೊರಟಿದ್ದರು. ಪಾಸ್ ತಗೊಂಡ ಎಷ್ಟೋ ಜನ ಬಂದೇ ಇರಲಿಲ್ಲ. ಹಿಂದೆ, ಬೊಂಬು ಕಟ್ಟಿದ ಕಡೆ, ಕುರ್ಚಿ ಸಾಲದೆ 200 ರೂಪಾಯಿ ಟಿಕೆಟ್‌ನವರು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಂತಿದ್ದರು. ಅದರಲ್ಲಿ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವ ನಾಲ್ಕು ಜನ ಹೆಂಗಸರನ್ನು ನಾನು ಗುರುತಿಸಿದೆ. ನನ್ನ ಅಂಗಡಿಗೆ ಬಂದು, ಸೆರಗಿನ ಗಂಟು ಬಿಚ್ಚಿ, ಚೌಕಾಸಿ ಮಾಡದೆ ಟಿಕೆಟ್ ತಗೊಂಡವರು.

"ಹಿಂದೆ ನಿಂತೋರು ಬರ್ರಿ ಮುಂದಕ್ಕೆ. ಸೋಫಾ ಮೇಲೆ ಕೂತ್ಕೊಳ್ಳಿ. ನೀವು ಕೂರೋವರೆಗೂ ನಾನು ಹಾಡಲ್ಲ" ಅಂದ. ಮೊದಲು ಯಾರೂ ಅಲುಗಾಡಲಿಲ್ಲ. ಆಮೇಲೆ ಒಂದು ಮಗು ಓಡಿ ಬಂತು. ಅದರ ಹಿಂದೆ ಎಲ್ಲರೂ. ಶರೀಫರ ತತ್ವಪದದಿಂದ ಶುರು ಮಾಡಿದ. ನಡುವೆ ರೈಲು ಕೂಗಿದಾಗ ಅದೇ ಶ್ರುತಿ ಹಿಡಿದು ಆಲಾಪ ಮಾಡಿದ, ಜನ ನಕ್ಕರು. ಹತ್ತಕ್ಕೆ ಐದು ನಿಮಿಷ ಇರುವಾಗ ಪೊಲೀಸಿನವರು ಗಡಿಯಾರ ತೋರಿಸಿದರು, ಅಲ್ಲಿಗೆ ಮುಗಿಯಿತು. ಎರಡು ಗಂಟೆ ಹಾಡಿದ, ಕೊಟ್ಟ ದುಡ್ಡಿಗೆ ಅನ್ಯಾಯ ಇಲ್ಲ. ಆದರೆ ನಮ್ಮ ಶಾಲು, ಹಾರದಲ್ಲಿ ಹೋದದ್ದು ಆ ಹೆಂಗಸರ ಒಂದೂ ಮುಕ್ಕಾಲು ಗಂಟೆ.

ಭಾನುವಾರ ಬೆಳಿಗ್ಗೆ ಅವನು ನನ್ನ ಸ್ಕೂಟರ್ ಹತ್ತಿ ಬೆಣ್ಣೆ ದೋಸೆಗೆ ಹೊರಟ. ಹಳೇ ಹೋಟೆಲು, ಈಗಲೂ ಕಟ್ಟಿಗೆ ಒಲೆ. ದಾರಿಯಲ್ಲೇ ಹೇಳಿದ: "ಇವತ್ತು ಪಾಸ್ ಇಲ್ಲ, ಭಾಷಣ ಇಲ್ಲ, ಸೋಫಾ ಇಲ್ಲ. ನಮ್ಮವ್ವನಿಗೂ ಟಿಕೆಟ್ ತಗೊಂಡೀನಿ." ನನ್ನ ಫ್ರಿಜ್ ಮೇಲಿನ ನಾಲ್ಕು ಪಾಸ್ ನೆನಪಾಗಿ ಹಾರ್ನ್ ಹೊಡೆದೆ, ಮುಂದೆ ಯಾರೂ ಇರಲಿಲ್ಲ.

ಎರಡೆರಡು ದೋಸೆ ತಿಂದೆವು. ಮಾಲೀಕರು ದುಡ್ಡು ಮುಟ್ಟಲಿಲ್ಲ. "ಏ, ತೆಗಿ ತೆಗಿ. ನಮ್ ಹುಡ್ಗ ನೀನು, ನಿನ್ನ ಹತ್ರ ದುಡ್ಡು ತಗಳ್ಳೋದಾ?" ಅಂದರು. ಅದೇ ಮಾತು! 15 ದಿನದಿಂದ ಕೇಳಿ ಕೇಳಿ ಬೇಸತ್ತ ಮಾತು, ಇಲ್ಲಿ ದೋಸೆ ಆಗಿ ಬಂದಿತ್ತು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಅವರು ನನ್ನ ಕಡೆ ಬಗ್ಗಿ, ಮೆಲ್ಲಗೆ, "ಇವತ್ತಿಂದು ಮೂರು ಪಾಸ್ ಸಿಗ್ತಾವಾ?" ಅಂದರು.

ಅವನಿಗೆ ಕೇಳಿಸಿತು. ಚಟ್ನಿ ನೆತ್ತಿಗೇರುವಷ್ಟು ನಕ್ಕ. ನಾಲ್ಕು ದೋಸೆಯ ದುಡ್ಡು ಗಲ್ಲಾಪೆಟ್ಟಿಗೆ ಮೇಲೆ ಇಟ್ಟು, "ಇವತ್ತು ನೀವೂ ತಗಳ್ಳಿ, ನಾನೂ ತಗಂತೀನಿ" ಅಂದ.

ಸಂಜೆ ಐದೂವರೆಗೆ ನಾನು ಗೇಟಿನ ಹತ್ತಿರ ಟಿಕೆಟ್ ಕೊಡುತ್ತಾ ಕೂತಿದ್ದೆ. ಪಕ್ಕದ ಡಬ್ಬಿಗೆ ಮೊದಲು ನನ್ನದೇ ಎರಡು ಸಾವಿರ ಹಾಕಿ, ಹೆಂಡತಿಗೆ ಫೋನ್ ಮಾಡಿ ಹೇಳಿಯೂ ಆಗಿತ್ತು. ಅವಳು "ಹೂಂ" ಅಂದಳು, ಅಷ್ಟೇ. ಹೋಟೆಲ್ ಮಾಲೀಕರು ಹೆಂಡತಿ, ಮೊಮ್ಮಗಳ ಜೊತೆ ಸಾಲಿನಲ್ಲಿ ಬಂದರು. ಮೂರು 500 ನೋಟು ಕೊಟ್ಟು, ಮುಖ ಬೇರೆ ಕಡೆ ತಿರುಗಿಸಿಕೊಂಡು ಟಿಕೆಟ್ ಈಸಿಕೊಂಡರು.

ಸೋಮವಾರ ಬ್ಯಾಂಕಿಗೆ ಕಟ್ಟಲು ಹೋದಾಗ ಎಣಿಸುವ ಮಷೀನು ಆ ಮೂರು ನೋಟನ್ನು ಎರಡು ಸಲ ಉಗುಳಿತು. ಬೆಣ್ಣೆ ಮೆತ್ತಿತ್ತು. ಕ್ಯಾಷಿಯರ್ ಕರ್ಚೀಫಿನಲ್ಲಿ ಒರೆಸಿ, ಕೈಯಲ್ಲೇ ಎಣಿಸಿಕೊಂಡರು.