ಹಳದಿ ಕವರ್

ಅಡಿಕೆ ಸುಲಿಯುವಾಗ ಫೋನ್ ಬಂದರೆ ನನಗೆ ಸಿಟ್ಟು. ಕೈಯೆಲ್ಲ ಅಡಿಕೆ ಕರೆ. ಆ ಸಂಜೆ ಮೊಣಕೈಯಲ್ಲೇ ಸ್ಪೀಕರ್ ಒತ್ತಿದೆ. ಜರ್ಮನಿಯಲ್ಲಿದ್ದಾಗ ಪಕ್ಕದ ಮನೆಯಲ್ಲಿದ್ದ ಸಿರಿಯಾದ ಹುಡುಗ. "ಕಾಗದ ಬಂತು ಅಕ್ಕಾ" ಅಂದ. ಅಕ್ಕ ಅನ್ನೋದು ನಾನೇ ಕಲಿಸಿದ್ದು.

ಅವನಿಗಿದ್ದದ್ದು ಪೂರಕ ರಕ್ಷಣೆ. ಧರ್ಮಕ್ಕೋ ರಾಜಕೀಯಕ್ಕೋ ನಿನ್ನನ್ನೇ ಹುಡುಕಿ ಹಿಂಸಿಸುತ್ತಾರೆ ಅಂತ ತೋರಿಸೋಕಾಗದಿದ್ದರೂ, ಊರಿಗೆ ಹೋದರೆ ಮರಣದಂಡನೆ, ಚಿತ್ರಹಿಂಸೆ ಅಥವಾ ಯುದ್ಧದಲ್ಲಿ ಸಿಕ್ಕಿ ಸಾಯುವ ಅಪಾಯ ಇದೆ ಅಂದರೆ ಕೊಡುವ ಆಸರೆ. 2024ರ ಡಿಸೆಂಬರಿನಲ್ಲಿ ಅಸಾದ್ ಸರ್ಕಾರ ಬಿತ್ತು. ಆಮೇಲೆ ತಾಯಿ ತೀರಿಕೊಂಡರು ಅಂತ ಇವನು ಎಂಟು ದಿನ ಊರಿಗೆ ಹೋಗಿ ಬಂದ. ಹೋಗಿ ಬಂದವನಿಗೆ ಅಪಾಯವೆಲ್ಲಿ ಅಂತ ಈಗ ರಕ್ಷಣೆ ವಾಪಸ್.

ಮೆಟ್ಟುಗತ್ತಿ ಮುಂದೆ ಕೂತಿದ್ದ ಅಪ್ಪ ತಲೆ ಎತ್ತದೇ ಕೇಳಿದರು, "ಕವರ್ ಇಟ್ಕಂಡಿದಾನಾ ಕೇಳು."

ಅಪ್ಪನಿಗೆ ಆ ವಿಚಾರ ಗೊತ್ತು. ನಮ್ಮದು ಲಿಂಗನಮಕ್ಕಿ ಮುಳುಗಡೆ ಮನೆತನ. 1964ರಲ್ಲಿ ಡ್ಯಾಮ್ ಮುಗಿಯೋ ಹೊತ್ತಿಗೆ ಅಜ್ಜ ಊರು ಬಿಟ್ಟಿದ್ದರು. ಅವರಿಗೆ ತೋರಿಸಿದ ಜಾಗ ದಾಖಲೆಯಲ್ಲಿ ಕಾಡಾಗಿಯೇ ಉಳಿದಿತ್ತು. ಎಷ್ಟೋ ವರ್ಷದ ಮೇಲೆ ಅಂಥ ಜಾಗಗಳನ್ನು ಡಿನೋಟಿಫೈ ಮಾಡಿದರು, ಅಂದರೆ ಕಾಡಿನ ಪಟ್ಟಿಯಿಂದ ತೆಗೆದರು. ಆದರೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಡಿ ಕೇಂದ್ರದ ಅನುಮತಿ ತಗೊಂಡಿರಲಿಲ್ಲವಲ್ಲ, ಕೋರ್ಟಿನಲ್ಲಿ ನಿಲ್ಲಲಿಲ್ಲ. ನಮಗೊಂದು ನೋಟಿಸು ಬಂತು. ಯಾವ ಕಚೇರಿಯದ್ದು ಅಂತ ಬರೆಯೋದಿಲ್ಲ. ಹಳೇ ವಿಳಾಸಕ್ಕೆ ಹೋಗಿ ಸುತ್ತಾಡಿ ಬಂದಿದ್ದರಿಂದ ಅಪೀಲಿನ ದಿನ ದಾಟಿತ್ತು. ತಡವಾಗಿ ಸಿಕ್ಕಿದ್ದಕ್ಕೆ ಸಾಕ್ಷಿ ಅಂದರೆ ಕವರಿನ ಮೇಲಿನ ಅಂಚೆ ಮುದ್ರೆ. ಅದನ್ನು ಅಮ್ಮ ಬಚ್ಚಲ ಒಲೆಗೆ ಹಾಕಿಯಾಗಿತ್ತು.

ಜರ್ಮನಿಯಲ್ಲಿ ಇಂಥ ಕಾಗದ ಹಳದಿ ಕವರಿನಲ್ಲಿ ಬರುತ್ತೆ. ಪೋಸ್ಟ್‌ಮ್ಯಾನ್ ಅದರ ಮೇಲೆ ಪೆನ್ನಿನಲ್ಲಿ ತಾರೀಕು ಬರೆದು ಹೋಗ್ತಾನೆ. ದಾವೆ ಹೂಡೋಕೆ ಆ ತಾರೀಕಿನಿಂದ ಎರಡೇ ವಾರ. ನಮ್ಮ ಹುಡುಗ ಕವರನ್ನು ರದ್ದಿಯ ನೀಲಿ ಡಬ್ಬಿಗೆ ಹಾಕಿದ್ದ! ಫೋನ್ ಹಿಡಿದೇ ಕೆಳಗಿಳಿದು ಕೆದಕಿದ. ಪಿಜ್ಜಾ ಡಬ್ಬಿಯ ಅಡಿ ಸಿಕ್ಕಿತು. ಒಂಬತ್ತನೇ ದಿನ ನಡೀತಿತ್ತು.

ಉಳಿದದ್ದು ಅಷ್ಟು ಕಷ್ಟವಾಗಲಿಲ್ಲ. ಮೊದಲ ಹಂತಕ್ಕೆ ವಕೀಲರು ಇರಲೇಬೇಕೆಂದಿಲ್ಲ, ಕೋರ್ಟು ಫೀಸಿಲ್ಲ. ಹನ್ನೆರಡನೇ ದಿನ ಎರಡು ಸಾಲಿನ ಅರ್ಜಿ ಕೊಟ್ಟು ಬಂದ. ಕಾರಣ ವಿವರಿಸೋಕೆ ಕಾಗದ ಸಿಕ್ಕಿದ ದಿನದಿಂದ ಒಂದು ತಿಂಗಳಿತ್ತು. ಅದಕ್ಕೆ ಅಲ್ಲಿನ ನೆರವು ಕೇಂದ್ರದ ವಕೀಲೆಯೊಬ್ಬರು ಸಿಕ್ಕರು. 2011ರ ಯುರೋಪಿನ ನಿರ್ದೇಶನದ ಪ್ರಕಾರ ರಕ್ಷಣೆ ವಾಪಸ್ ತಗೊಳ್ಳೋಕೆ ಊರಿನ ಪರಿಸ್ಥಿತಿ ಗಣನೀಯವಾಗಿ ಬದಲಾಗಿರಬೇಕು, ಆ ಬದಲಾವಣೆ ತಾತ್ಕಾಲಿಕ ಆಗಿರಬಾರದು. ಎಂಟು ದಿನ ಸಾವಿನ ಮನೆಯಲ್ಲಿ ಕೂತು ಬಂದರೆ ಅದು ಸಾಬೀತಾಗುತ್ತಾ? ಅವರ ವಾದ ಅದೇ.

"ನಮ್ಮಲ್ಲೂ ಇಂಥಾ ಕಾನೂನು ಉಂಟನಾ?" ಅಪ್ಪ ಕೇಳಿದರು. ಇಲ್ಲ, ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿನೇ ಹಾಕಿಲ್ಲ ಅಂದೆ. "ಹೌದನ. ಒಳಗಿನವ್ರಿಗೇ ಜಾಗ ಇಲ್ಲ" ಅಂತ ಇನ್ನೊಂದು ಅಡಿಕೆ ಸೀಳಿದರು.

ಕೇಸು ಇನ್ನೂ ನಡೀತಿದೆ. ಮೊನ್ನೆ ಹುಡುಗ ಫೋನ್ ಮಾಡಿದಾಗ ಅಪ್ಪನೇ ಎತ್ತಿ, ಅವನಿಗೆ ಅರ್ಥವಾಗದ ಕನ್ನಡದಲ್ಲೇ ಕವರ್ ಎಲ್ಲಿಟ್ಟಿದ್ದೀಯ ಅಂತ ಕೇಳಿದರು. ನಾನು ದಾಟಿಸಿದೆ. ಒಂದು ಪುಸ್ತಕದೊಳಗೆ ಅಂತೆ.

"ಯಾವ ಪುಸ್ತಕ ಅಂತ ಬರ್ದಿಟ್ಕಳಾಕೆ ಹೇಳು" ಅಂದರು ಅಪ್ಪ.