ಎರಡಡಿ ಟೈಲ್ಸು ಎರಡಡಿ ಇರಲ್ಲ

ಮನೆ ಕಟ್ಟಿಸಲು ಹೊರಟವರಿಗೆ ಎರಡು ಲೆಕ್ಕ ತಪ್ಪಿದ್ದಲ್ಲ. ಪಾಲಿಕೆಗೆ ಕೊಡುವ ನಕ್ಷೆ ಮೀಟರಿನಲ್ಲಿ, ಮೇಸ್ತ್ರಿ ಬಾಯಲ್ಲಿ ಅಡಿ-ಇಂಚು. ಬೆಂಗಳೂರಲ್ಲಿ ಬಿಡಿಎ ಹಂಚುವ ‘ಥರ್ಟಿ ಫಾರ್ಟಿ’ ಸೈಟು ಕೂಡ ಕಾಗದದ ಮೇಲೆ 9 ಮೀಟರ್, 12 ಮೀಟರ್. ಅಡಿಗೆ ತಂದರೆ ಹೆಚ್ಚುಕಮ್ಮಿ 1,162 ಚದರಡಿ. 1,200 ಅನ್ನೋದು ಬರೀ ಮಾತಿಗೆ. 1958ರಲ್ಲೇ ದೇಶ ಮೀಟರಿಗೆ ಹೊರಳಲು ಶುರುಮಾಡಿತು, ನಿಜ. ಸೈಟು, ಬಾಗಿಲು, ಮಂಚ ಮಾತ್ರ ಅಡಿಯಲ್ಲೇ ಉಳಿದುಕೊಂಡವು.

ನನಗೆ ಇದರ ಬಿಸಿ ತಟ್ಟಿದ್ದು ಹಾಲಿಗೆ ಟೈಲ್ಸ್ ಹಾಕಿಸಿದ ದಿನ. ಹಾಲು 12 ಅಡಿ ಅಗಲ, 15 ಅಡಿ ಉದ್ದ. ಅಂಗಡಿಯವನು ಕಳಿಸಿದ್ದು ‘ಟೂ ಬೈ ಟೂ’. ಅಗಲಕ್ಕೆ ಆರು ಸರಿಯಾಗಿ ಕೂರಬೇಕಲ್ಲ? ಮೇಸ್ತ್ರಿ ಸಿಮೆಂಟು ಕಲಸುವ ಮೊದಲು ಆರನ್ನೂ ಒಣದಾಗಿ ಜೋಡಿಸಿದರು. ಗೋಡೆ ಪಕ್ಕ ಎರಡು ಬೆರಳಿಗಿಂತ ಜಾಸ್ತಿ ಜಾಗ ಖಾಲಿ.

“ಎರಡಡಿ ಅಂತಾರೆ ಸಾರ್, ಇರೋದು ಆರ್ನೂರು ಎಮ್ಮೆಮ್ಮು,” ಅಂದರು ತಣ್ಣಗೆ. ಇಂಚಿಗೆ 25.4 ಮಿಲಿಮೀಟರಿನಂತೆ ಎರಡಡಿ ಅಂದರೆ 609.6. ಟೈಲಿಗೆ 9.6 ಕಮ್ಮಿ, ಆರಕ್ಕೆ 57.6. ನಾನು ಇದನ್ನು ಮೊಬೈಲಿನಲ್ಲಿ ಒತ್ತಿ ನೋಡುವಷ್ಟರಲ್ಲಿ ಅವರು “ಎರಡೂಕಾಲು ಇಂಚು” ಅಂತ ಹೇಳಿಯಾಗಿತ್ತು. ಅವರ ಹತ್ತಿರ ಸೂತ್ರವೂ ಇದೆ: ಮೀಟರಂದ್ರೆ ಮೂರಡಿ, ಮೂರಿಂಚು, ಮೂರು ನೂಲು. ನೂಲಂದರೆ ಇಂಚಿನಲ್ಲಿ ಎಂಟನೇ ಒಂದು ಪಾಲು. ಆಮೇಲೆ ಲೆಕ್ಕ ಹಾಕಿ ನೋಡಿದೆ, ಮೀಟರಿನ 39.37 ಇಂಚಿಗೆ ಅವರ ಸೂತ್ರದ್ದು 39.375. ಇದಕ್ಕಿಂತ ಇನ್ನೇನು ಬೇಕು!

ಗೋಡೆಗುಂಟ ಎರಡಿಂಚಿನ ಪಟ್ಟಿ ಕತ್ತರಿಸಿ ಹಾಕಿದರೆ ಕೆಲಸ ಮುಗಿಯುತ್ತಿತ್ತು. ಅದಕ್ಕೆ ಅವರು ಸುತರಾಂ ಒಪ್ಪಲಿಲ್ಲ. ಅಷ್ಟು ಸಣ್ಣ ತುಂಡು ಕತ್ತರಿಸುವಾಗಲೇ ಮುರಿಯುತ್ತೆ, ಉಳಿದರೂ ಬಾಗಿಲಿಂದ ಬಂದವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತೆ. ಹಾಲಿನ ನಡುವೆ ದಾರ ಕಟ್ಟಿ ಐದು ಇಡೀ ಟೈಲ್ಸ್ ಕೂರಿಸಿದರು. ಸಂದಿಗೆ ಎರಡೆರಡು ಮಿಲಿಮೀಟರ್ ಬಿಟ್ಟು, ಎರಡೂ ಅಂಚಿಗೆ ಹನ್ನೆರಡೂ ಮುಕ್ಕಾಲು ಇಂಚಿನ ಸಮ ತುಂಡು. ನೋಡಲು ಚೆಂದ, ಜೇಬಿಗೆ ಭಾರ: ಒಂದು ಟೈಲಿನಲ್ಲಿ ಅಂಥ ತುಂಡು ಒಂದೇ ಸಿಗೋದು. ಸಾಲಿಗೆ ಏಳು ಬೇಕಾಯಿತು. ಇನ್ನೆರಡು ಬಾಕ್ಸ್ ತರಲು ಮತ್ತೆ ಅಂಗಡಿಗೆ.

ಅಲ್ಲಿ ಬಿಲ್ಲು ನೋಡಿದೆ. ಬಾಕ್ಸಿಗೆ ನಾಲ್ಕು ಟೈಲ್ಸ್, 16 ಚದರಡಿ ಅಂತ ಬರೆದಿದ್ದರು. ಬಾಕ್ಸಿನ ಮೇಲೆ ಅಚ್ಚಾಗಿರುವುದು 1.44 ಚದರ ಮೀಟರ್, ಅಂದರೆ ಹದಿನೈದೂವರೆ. ಕೇಳಿದ್ದಕ್ಕೆ, “ಎಲ್ಲಾ ಕಡೆ ಹಂಗೇ ಸಾರ್,” ಎಂದ ಅಂಗಡಿಯವನು. ಬೆಳಗ್ಗೆಯಷ್ಟೇ ಮೇಸ್ತ್ರಿ ಹತ್ತಿರ ಪಾಠವಾಗಿತ್ತಲ್ಲ, ನಾನೂ ಬಿಡಲಿಲ್ಲ. ಆ ಎರಡು ಬಾಕ್ಸಿಗೆ ಹದಿನೈದೂವರೆಯ ಲೆಕ್ಕವೇ ಹಾಕಿಕೊಟ್ಟ. ಹಳೆಯ ಬಿಲ್ಲು ಮುಟ್ಟಲಿಲ್ಲ.