ಕೌಂಟರಿಗೆ ಬಾರದ ಸಂಶೋಧಕರು

ನಾನು ಶಿವಮೊಗ್ಗ ಜಿಲ್ಲೆಯ ಒಂದು ವಿಶ್ವವಿದ್ಯಾಲಯದ ಪಿಎಚ್‌ಡಿ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ನೋಂದಣಿಯಿಂದ ವೈವಾ (ಕೊನೆಯ ಮೌಖಿಕ ಪರೀಕ್ಷೆ) ತನಕ ಪ್ರತಿ ಫೈಲೂ ನಮ್ಮ ಮೇಜಿನ ಮೇಲೆಯೇ ಹೋಗಬೇಕು. ಕೌಂಟರಿಗೆ ಬಂದು ಜೋರು ಮಾಡಿ ಕೇಳುವವರ ಕೆಲಸ ಹೇಗೋ ಆಗುತ್ತದೆ. ಸುಮ್ಮನಾಗಿಬಿಡುತ್ತಾರಲ್ಲ, ಅವರನ್ನು ನಾವೇ ಹುಡುಕಿಕೊಂಡು ಹೋಗಬೇಕು. ಇಲ್ಲಿ ನಾನು ಕಲಿತ ದೊಡ್ಡ ಪಾಠ ಇದು.

ಸುಮ್ಮನಾಗುವವರಲ್ಲಿ ಹೆಣ್ಣುಮಕ್ಕಳೇ ಜಾಸ್ತಿ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ಬಂದವರು. ಕೋರ್ಸ್‌ವರ್ಕ್, ಅಂದರೆ ಪಿಎಚ್‌ಡಿಯ ಆರಂಭದ ಪಾಠಗಳನ್ನು, ಚೆನ್ನಾಗಿಯೇ ಮುಗಿಸಿರುತ್ತಾರೆ. ಆಮೇಲೆ ಮದುವೆ, ಬೆಂಗಳೂರು ಅಥವಾ ಮಂಗಳೂರಿಗೆ ಹೋಗುವುದು, ಮಗು. ಪ್ರತಿ ಸೆಮಿಸ್ಟರ್ ಸಂಶೋಧನಾ ಸಲಹಾ ಸಮಿತಿಯ ಮುಂದೆ ಪ್ರಗತಿ ವರದಿ ಕೊಡಬೇಕು. ಒಂದು ತಪ್ಪುತ್ತದೆ, ಇನ್ನೊಂದೂ ತಪ್ಪುತ್ತದೆ. ‘ಇನ್ನು ನನ್ನ ಪಿಎಚ್‌ಡಿ ಮುಗಿಯಿತು’ ಅಂತ ಅವರೇ ತೀರ್ಮಾನ ಮಾಡಿಕೊಳ್ಳುತ್ತಾರೆ. ಗೈಡ್‌ಗೆ ಫೋನ್ ಮಾಡಲು ಸಂಕೋಚ.

ಆದರೆ ನಿಯಮ ಅವರ ಪರವಾಗಿಯೇ ಇದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮಾವಳಿಯಲ್ಲಿ ಪಿಎಚ್‌ಡಿಗೆ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮರುನೋಂದಣಿ ಮಾಡಿಸಿದರೆ ಇನ್ನೂ 2 ವರ್ಷದ ತನಕ ಸಿಗಬಹುದು. ಮಹಿಳೆಯರಿಗೆ, ಶೇ 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ ಅದರ ಮೇಲೂ 2 ವರ್ಷದ ವಿನಾಯಿತಿ ಕೊಡಲು ಅವಕಾಶವಿದೆ. ಒಟ್ಟು 10 ವರ್ಷ ಮೀರಬಾರದು ಅಷ್ಟೇ. ಹೆರಿಗೆ ಮತ್ತು ಮಕ್ಕಳ ಆರೈಕೆಗೆ ಇಡೀ ಅವಧಿಯಲ್ಲಿ 240 ದಿನದವರೆಗೆ ರಜೆ ಕೊಡಬಹುದು. ಮದುವೆಯಾಗಿ ಬೇರೆ ಊರಿಗೆ ಹೋದರೆ ಸಂಶೋಧನೆಯ ದತ್ತಾಂಶವನ್ನು ಅಲ್ಲಿನ ಸಂಸ್ಥೆಗೆ ಒಯ್ಯಲೂ ದಾರಿ ಇದೆ. ಆದರೆ ಆ ಕೆಲಸ ಇಲ್ಲಿನ ಸಂಸ್ಥೆಗೋ ಗೈಡ್‌ಗೋ ಮಂಜೂರಾದ ಪ್ರಾಜೆಕ್ಟಿನದ್ದಾಗಿರಬಾರದು. ಇಲ್ಲಿ ಮಾಡಿದ ಭಾಗಕ್ಕೆ ಈ ಸಂಸ್ಥೆ ಮತ್ತು ಗೈಡ್‌ ಹೆಸರನ್ನೂ ಹೇಳಬೇಕು.

ಇದೆಲ್ಲ ನಿಯಮಾವಳಿಯಲ್ಲಿ ಅಚ್ಚಾಗಿದೆ. ಆದರೆ ಮಗುವನ್ನು ಮಡಿಲಲ್ಲಿಟ್ಟುಕೊಂಡು ಯಾರು ಗೆಜೆಟ್ ಓದುತ್ತಾರೆ? ಅವರಿಗೆ ತಿಳಿಸುವುದು ಕಚೇರಿಯ ಕೆಲಸ.

ಹಾಗಾಗಿ ಸಮಿತಿ ಸಭೆಗೆ ಮೊದಲು ವರದಿ ಬಾರದವರ ಪಟ್ಟಿ ತೆಗೆದು ಫೋನ್ ಮಾಡುತ್ತೇನೆ. ‘ಯಾಕೆ ಕೊಟ್ಟಿಲ್ಲ’ ಅಂತ ಶುರು ಮಾಡಿದರೆ ಆ ಕಡೆಯವರು ಬಾಯಿ ಬಿಡುವುದೇ ಇಲ್ಲ. ‘ಈಗ ಎಲ್ಲಿದ್ದೀರಿ, ಕೆಲಸ ಎಲ್ಲಿಗೆ ಬಂತು’ ಅಂತ ಕೇಳಿದರೆ ಮಾತಾಡುತ್ತಾರೆ. ಎಷ್ಟೋ ಸಲ ಎರಡು ಅಧ್ಯಾಯ ಬರೆದಿಟ್ಟಿರುತ್ತಾರೆ. ಅದನ್ನು ಕೇಳಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಅಷ್ಟು ದುಡಿದವರು ಒಂದು ಅರ್ಜಿಗಾಗಿ ನಿಂತುಬಿಡಬಾರದು, ಅಲ್ವಾ?

ಫೆಲೋಶಿಪ್ ವಿಷಯವೂ ಹೀಗೆಯೇ. ಯುಜಿಸಿಯ ಕಿರಿಯ ಸಂಶೋಧನಾ ಫೆಲೋಶಿಪ್ (ಜೆಆರ್‌ಎಫ್) 2023ರಿಂದ ತಿಂಗಳಿಗೆ 37,000 ರೂಪಾಯಿ. ಸಂಸ್ಥೆಯ ಕಡೆಯಿಂದ ಪೋರ್ಟಲ್‌ನಲ್ಲಿ ದೃಢೀಕರಣ ಹೋಗದಿದ್ದರೆ ಹಣ ನಿಲ್ಲುತ್ತದೆ.

ನಮ್ಮ ಮಲೆನಾಡಿಗೆ ಇನ್ನೊಂದು ಲೆಕ್ಕವೂ ಇದೆ. ಜುಲೈ ಮಳೆಯಲ್ಲಿ ಹಳ್ಳಿಗಳಲ್ಲಿ ಕರೆಂಟೂ ಇರುವುದಿಲ್ಲ, ನೆಟ್‌ವರ್ಕೂ ಇರುವುದಿಲ್ಲ. ಅಡಿಕೆ ಕೊಯ್ಲು ಬಂದರೆ ಮನೆಯವರೆಲ್ಲ ಅದರಲ್ಲೇ. ಆನ್‌ಲೈನ್ ಅರ್ಜಿಯ ಕೊನೆ ದಿನಾಂಕ ಮಳೆಗಾಲದಲ್ಲಿ ಬಿದ್ದರೆ ನಾನು ಮೆಸೇಜನ್ನಷ್ಟೇ ನಂಬುವುದಿಲ್ಲ. ಮೇ ತಿಂಗಳಲ್ಲೇ ಕರೆ ಮಾಡಿ, ಶಿವಮೊಗ್ಗಕ್ಕೆ ಬಂದಾಗ ದಾಖಲೆ ಸ್ಕ್ಯಾನ್ ಮಾಡಿಸಿಟ್ಟುಕೊಳ್ಳಿ ಅಂತ ಹೇಳುತ್ತೇನೆ.

ನಿಮ್ಮ ಮನೆಯಲ್ಲೋ ಪರಿಚಯದಲ್ಲೋ ಹೀಗೆ ಅರ್ಧಕ್ಕೆ ನಿಂತವರು ಇದ್ದರೆ, ನೋಂದಣಿಯ ದಿನಾಂಕ ನೋಡಿಕೊಂಡು ಅವರ ವಿಶ್ವವಿದ್ಯಾಲಯದ ಪಿಎಚ್‌ಡಿ ವಿಭಾಗಕ್ಕೆ ಒಂದು ಫೋನ್ ಮಾಡಲು ಹೇಳಿ. ಅವಧಿ ಮುಗಿಯುವ ಮೊದಲೇ ಮಾಡಲಿ. ಆಮೇಲೆ ನಮ್ಮ ಕೈಯಲ್ಲಿ ಹೆಚ್ಚೇನೂ ಉಳಿಯುವುದಿಲ್ಲ.